ಬೊಮ್ಮೋಜನ ಬಾಲದೋಲೆ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲ. ಆಗ ಗಾರೆನಾಡು ಅಂತ ಒಂದು ರಾಜ್ಯವಿತ್ತಂತೆ. ಅಲ್ಲಿಯ ಜನ ಎಂಥಾ ಕಟ್ಟುವವರೆಂದರೆ, ಬೀದಿ ನಾಯಿಗೂ ತನ್ನದೇ ಒಂದು ಗೋಡೆ, ಗೋಡೆಗೊಂದು ನೆರಳು. ಅವರಲ್ಲೆಲ್ಲ ದೊಡ್ಡ ಕೈ ಬೊಮ್ಮೋಜನದು.

ಬೊಮ್ಮೋಜನ ಹತ್ತಿರ ಒಂದು ಮಾಯದ ಕರಣೆ ಇತ್ತು. ನೋಡಲು ಗಾರೆ ಮೆತ್ತುವ ಕರಣೆಯೇ, ಆದರೆ ಅದಕ್ಕೆ ಕಣ್ಣಿತ್ತು, ಬಾಯಿತ್ತು. ಎದುರಿಗೆ ಕಟ್ಟುವ ಕ್ರಮ ಬರೆದ ಓಲೆಗರಿಯ ಕಟ್ಟು ಬಿಚ್ಚಿಟ್ಟರೆ ಒಂದೊಂದೇ ಸಾಲು ಓದಿಕೊಂಡು, ಒಂದು ಮಡಕೆ ಅನ್ನ ಬೇಯುವಷ್ಟರಲ್ಲಿ ಗೋಪುರ ಎಬ್ಬಿಸಿಬಿಡುತ್ತಿತ್ತು. ಬರೆದದ್ದಕ್ಕಿಂತ ಒಂದು ಕಲ್ಲು ಹೆಚ್ಚಿಲ್ಲ, ಒಂದು ಕಲ್ಲು ಕಡಿಮೆಯಿಲ್ಲ.

ಅಲ್ಲಿಯ ಕಟ್ಟುವವರಲ್ಲಿ ಒಂದು ಕಟ್ಟಳೆ ಇತ್ತು. ಪ್ರತಿ ಓಲೆಕಟ್ಟಿನ ಕೊನೆಗೆ ಒಂದು ಖಾಲಿ ಗರಿ ಪೋಣಿಸಬೇಕು. ಅದಕ್ಕೆ ಬಾಲದೋಲೆ ಅಂತ ಹೆಸರು. ಕಟ್ಟಿದ್ದು ಎಲ್ಲಿ ಕೆಟ್ಟಿತು, ಯಾಕೆ ಕೆಟ್ಟಿತು, ಏನು ತಿದ್ದಿದೆವು ಎಂದು ಅದರಲ್ಲಿ ಬರೆಯಬೇಕು. ಬೊಮ್ಮೋಜನ ಬಾಲದೋಲೆ ಮಾತ್ರ ಅಂಗೈಯಷ್ಟು ನುಣುಪು. ಅದನ್ನು ಅರಮನೆಯಲ್ಲಿ ಎತ್ತಿ ಹಿಡಿದು, "ನೋಡಿ ಮಹಾಸ್ವಾಮಿ, ಒಂದು ಗೀರೂ ಇಲ್ಲ!" ಅನ್ನುತ್ತಿದ್ದ. ರಾಜ ತಲೆದೂಗುತ್ತಿದ್ದ. ರಾಜರಿಗೇನು, ತಲೆ ಇರುವುದೇ ತೂಗುವುದಕ್ಕೆ.

ಆ ಸೀಮೆಯಲ್ಲಿ ಕಾವಳಯ್ಯ ಎಂಬ ಮಂತ್ರವಾದಿಯೂ ಇದ್ದ. ಅವನು ಬಾಯಿ ತೆರೆದರೆ ಮಂಜು ಬರುತ್ತಿತ್ತು. ಮಂಜಿನೊಳಗೆ ಹೊಕ್ಕವರು ಹೊರಗೆ ಬರುತ್ತಿರಲಿಲ್ಲ. ಮಂಜಿನಿಂದಲೇ ಮಾಡಿದ ಒಂದು ಗೂಳಿಯನ್ನೂ ಸಾಕಿಕೊಂಡಿದ್ದ. ಅವನಿಗೆ ಹೆದರಿಕೆ ಒಂದೇ: ನಾಲ್ಕು ನಾಡುಗಳಲ್ಲಿ ನಾಲ್ಕು ದೀಪದ ಗೋಪುರ ಎದ್ದು, ನಾಲ್ಕೂ ದೀಪ ಒಂದೇ ಸಂಜೆ ಉರಿದರೆ ಅವನ ಕತೆ ಮುಗಿಯಿತು.

ಬೊಮ್ಮೋಜ ಗಾರೆನಾಡಿನಲ್ಲಿ ಮೊದಲ ಗೋಪುರ ಕಟ್ಟಿಸಿದ. ಬಂಡೆಯ ಹಾಗೆ ನಿಂತಿತು. ಅದೇ ಓಲೆ, ಅದೇ ಕರಣೆಯನ್ನು ಒಂದಾದ ಮೇಲೊಂದರಂತೆ ಮೂರು ನಾಡುಗಳಿಗೆ ಕಳಿಸಿದ. ಮೂರು ಕಡೆಯಿಂದಲೂ ದೂತರು ಓಡಿ ಬಂದರು.

ಕಿರುನಾಡಿನವನು, "ಓಜಪ್ಪ, ನಿಮ್ಮ ಗೋಪುರ ಹತ್ತೋಕೆ ಆಗ್ತಿಲ್ಲ" ಅಂದ.

"ನಮ್ಮೂರಲ್ಲಿ ಚೆನ್ನಾಗೇ ಇತ್ತಲ್ಲ!" ಅಂದ ಬೊಮ್ಮೋಜ.

ಕರಣೆ ಕಡೆಗೆ ಹೋಗಿದ್ದು ತೇಲುನಾಡಿಗೆ; ಅಲ್ಲಿಯವನು ಅದನ್ನು ಹಗ್ಗದಲ್ಲಿ ಬಿಗಿದು, ಓಲೆಕಟ್ಟಿನ ಸಮೇತ ತಂದಿದ್ದ. "ಓಜಪ್ಪ, ಇದು ಕಟ್ಟುತ್ತೆ, ಕೀಳುತ್ತೆ, ಕಟ್ಟುತ್ತೆ, ಕೀಳುತ್ತೆ. ಮುಗಿಯೋದೇ ಇಲ್ಲ" ಅಂದ.

"ನಮ್ಮೂರಲ್ಲಿ ಚೆನ್ನಾಗೇ ಇತ್ತಲ್ಲ!"

ತೂಗುನಾಡಿನವನು, "ನಿಮ್ಮ ಗೋಪುರ ಪ್ರಪಾತಕ್ಕೆ ಹೋಯ್ತು" ಅಂದ.

"ನಮ್ಮೂರಲ್ಲಿ ಚೆನ್ನಾಗೇ ಇತ್ತಲ್ಲ! ತಪ್ಪು ನಿಮ್ಮ ನೆಲದ್ದು!"

ಅಷ್ಟರಲ್ಲಿ ಅಂಗಳಕ್ಕೆ ಮಂಜು ನುಗ್ಗಿತು. ಮಂಜಿನ ನಡುವೆ ನಿಂತು ಕಾವಳಯ್ಯ ನಕ್ಕ.

"ಎಷ್ಟು ಸೊಗಸಾದ ಮಾತು! ಈ ಮಾತು ಆಡಿದವರು ಆಡಿದಲ್ಲೇ ಕಲ್ಲಾಗಲಿ. ನಾನಿರುವ ತನಕ ಈ ಶಾಪವೂ ಇರುತ್ತೆ. 'ತಪ್ಪು ನನ್ನದು' ಅಂತ ಮನಸಾರೆ ಹೇಳಿದರೆ ಬಿಡುಗಡೆ. ಹೇಳ್ತೀಯೇನೋ ಬೊಮ್ಮೋಜ?"

ಬೊಮ್ಮೋಜನ ಪಾದ ಕಲ್ಲಾಯಿತು. ಆಮೇಲೆ ವಾರಕ್ಕೊಂದು ಗೇಣು ಕಲ್ಲು ಮೇಲೇರುತ್ತ ಹೋಯಿತು.

ಅವನಿಗೆ ಸಂಕವ್ವ ಅಂತ ಒಬ್ಬಳೇ ಮಗಳು. ತಾಯಿಯಿಲ್ಲದ ಹೆಣ್ಣನ್ನು ಬೊಮ್ಮೋಜ ಗಾರೆಯ ಬಾನಿಯ ಪಕ್ಕದಲ್ಲೇ ಕೂರಿಸಿಕೊಂಡು ಸಾಕಿದ್ದ. ಅವಳು ಅಪ್ಪನ ಕಲ್ಲಿನ ಕಾಲು ಹಿಡಿದು ಅತ್ತಳು.

"ಅಪ್ಪಾ, ಒಂದೇ ಒಂದು ಮಾತು. ಹೇಳಿಬಿಡು."

"ಮಾಡದ ತಪ್ಪು ಒಪ್ಪಿಕೊಳ್ಳಲೇನೇ? ನನ್ನ ಓಲೆ ಸರಿಯಾಗಿದೆ."

ಜುಟ್ಟಿಗೆ ಮಲ್ಲಿಗೆ ಮುಡಿಸಬಹುದು, ಜಂಬಕ್ಕೆ ಮದ್ದು ಕೊಡೋಕಾಗುತ್ತಾ? ಸಂಕವ್ವ ಕಣ್ಣೊರೆಸಿಕೊಂಡಳು. ನಾಲ್ಕು ದೀಪ ಉರಿದರೆ ಕಾವಳಯ್ಯ ಇಲ್ಲ, ಅವನಿಲ್ಲದಿದ್ದರೆ ಶಾಪವೂ ಇಲ್ಲ. ಕಲ್ಲು ಅಪ್ಪನ ನೆತ್ತಿಗೆ ಏರುವುದಕ್ಕೆ ಮೊದಲು ಮೂರು ಗೋಪುರ ಸರಿಯಾಗಬೇಕು. ಕರಣೆ, ಓಲೆಕಟ್ಟು, ಬರೆಯುವ ಉಕ್ಕಿನ ಕಡ್ಡಿ, ಒಂದು ಗಂಟು ರೊಟ್ಟಿ ಕಟ್ಟಿಕೊಂಡು ಹೊರಟೇಬಿಟ್ಟಳು. ಬರುವ ತಿಂಗಳ ಹುಣ್ಣಿಮೆಯ ಸಂಜೆ ನಾಲ್ಕೂ ಕಡೆ ದೀಪ ಹಚ್ಚಬೇಕೆಂದು ದೂತರ ಕೈಯಲ್ಲಿ ಹೇಳಿ ಕಳಿಸಿದಳು.

ಮೊದಲು ಸಿಕ್ಕಿದ್ದು ಕಿರುನಾಡು. ಅಲ್ಲಿಯ ಜನ ನೀರಿನ ಕೊಡದಷ್ಟೇ ಎತ್ತರ. ಗೋಪುರ ಚೆನ್ನಾಗಿಯೇ ನಿಂತಿತ್ತು, ಆದರೆ ಒಂದೊಂದು ಮೆಟ್ಟಿಲೂ ಅವರ ಗಲ್ಲಕ್ಕೆ ಬರುತ್ತಿತ್ತು. ಕೆಳಗೆ ಒಬ್ಬಳು ಅಜ್ಜಿ ಎಣ್ಣೆ ಗಿಂಡಿ ಹಿಡಿದು ಕೂತಿದ್ದಳು.

"ಗೋಪುರ ಲಕ್ಷಣವಾಗಿದೆ ತಾಯಿ," ಅಂದಳು ಅಜ್ಜಿ. "ದೀಪ ಹಚ್ಚೋಕೆ ದಿನಾ ನಿಮ್ಮಪ್ಪನೇ ಬರ್ತಾನಾ?"

ಸಂಕವ್ವ ಕರಣೆಯನ್ನು ಕೇಳಿದಳು, "ಯಾಕೆ ಹೀಗೆ ಕಟ್ಟಿದೆ?"

"ಮೆಟ್ಟಿಲು ಒಂದು ಮೊಳ ಅಂತ ಬರೆದಿದೆ. ಕಟ್ಟಿದೆ."

"ಯಾರ ಮೊಳ?"

"ಬೊಮ್ಮೋಜನದು. ಬೇರೆ ಮೊಳವೂ ಇದೆಯಾ ಅಕ್ಕಾ?"

ಸಂಕವ್ವನಿಗೆ ನಗು ಬಂತು, ಅಪ್ಪನ ಮೇಲೆ ಸಿಟ್ಟೂ ಬಂತು. ಅಜ್ಜಿಯ ಕೈಯನ್ನು ಮೊಣಕೈಯಿಂದ ಬೆರಳ ತುದಿವರೆಗೆ ಅಳೆದಳು. ಅಪ್ಪನ ಸಾಲನ್ನು ಕಡ್ಡಿಯಿಂದ ಕೆರೆದುಹಾಕಿ, ಅದೇ ಜಾಗದಲ್ಲಿ ಅಜ್ಜಿಯ ಮೊಳ ಬರೆದಳು. ಕರಣೆ ಹಳೆಯದನ್ನು ಬಿಚ್ಚಿ ಹೊಸದನ್ನು ಕಟ್ಟಿತು. ಅಜ್ಜಿ ಗಿಂಡಿ ಹಿಡಿದು ಟಪಟಪನೆ ಹತ್ತಿ, ಮೇಲಿನಿಂದ ಕೈಬೀಸಿದಳು.

ಎರಡನೆಯದು ತೇಲುನಾಡು. ಅಲ್ಲಿ ಮನೆ, ಮಠ, ಹುಣಸೆಮರ ಎಲ್ಲವೂ ನೀರಿನ ಮೇಲೇ. ತೆಪ್ಪದ ಮೇಲೆ ಸಂಕವ್ವ ಕರಣೆಯನ್ನು ಬಿಟ್ಟಳು. ಮೊದಲು ಅದು ಪುಟ್ಟ ಪುಟ್ಟ ಮೆಟ್ಟಿಲು ಕಟ್ಟಿತು. ಅಜ್ಜಿಯ ಮೊಳ ಇನ್ನೂ ಓಲೆಯಲ್ಲೇ ಇತ್ತಲ್ಲ! ಸಂಕವ್ವ ಅದನ್ನು ಕೆರೆದು ಇಲ್ಲಿಯವರ ಮೊಳ ಬರೆದಳು. ಆಮೇಲೆ ಕರಣೆ ಒಂದು ಗೋಡೆ ಎಬ್ಬಿಸಿತು, ಮುಟ್ಟಿ ನೋಡಿತು, ಕಿತ್ತಿತು. ಮತ್ತೆ ಎಬ್ಬಿಸಿತು, ಮುಟ್ಟಿತು, ಕಿತ್ತಿತು.

"ನಿಲ್ಲಿಸೋ ಮಾರಾಯ! ಯಾಕೆ ಕೀಳ್ತೀಯಾ?"

"ಗಾರೆ ಹಸಿಯಾಗಿದ್ದರೆ ಕೆಲಸ ಮುಗಿದಿಲ್ಲ, ಕಿತ್ತು ಕಟ್ಟು ಅಂತ ಬರೆದಿದೆ. ಇದು ಹಸಿ."

ತೆಪ್ಪ ನಡೆಸುವ ಸುಬ್ಬಕ್ಕ ಹುಟ್ಟು ಕೆಳಗಿಟ್ಟಳು. "ನಮ್ಮಲ್ಲಿ ಒಣಗೋದು ಅಂತ ಯಾವುದಿದೆ ಹೇಳು. ನಾನು ಹುಟ್ಟಿದಾಗಿಂದ ನನ್ನ ಸೆರಗೇ ಒಣಗಿಲ್ಲ."

"ಮತ್ತೆ ಗಾರೆ ಗಟ್ಟಿಯಾಯ್ತು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ ಅಕ್ಕಾ?"

"ತಟ್ಟಿ ನೋಡ್ತೀವಿ. ಟಣ್ ಅಂದರೆ ಗಟ್ಟಿ. ಮಡಕೆ ಕೊಳ್ಳುವಾಗ ನೀವು ತಟ್ಟಲ್ವಾ?"

ಸಂಕವ್ವ ಅಪ್ಪನ ಸಾಲು ಕೆರೆದಳು, ತಟ್ಟಿ ನೋಡು ಅಂತ ಬರೆದಳು. ಕರಣೆ ತಟ್ಟಿತು, ಗೋಡೆ ಟಣ್ ಅಂದಿತು. "ಓಹೋ!" ಅಂತು ಕರಣೆ, ಮುಂದಿನ ಸಾಲಿಗೆ ಹೋಯಿತು. ಸುಬ್ಬಕ್ಕ ಅವಳಿಗೆ ಹುರಿದ ಮೀನು ಕಟ್ಟಿಕೊಟ್ಟು ಕಳಿಸಿದಳು.

ಮೂರನೆಯದು ತೂಗುನಾಡು. ಅಲ್ಲಿ ಕೆಳಗೆ ನೆಲವೇ ಇಲ್ಲ. ತಲೆಯ ಮೇಲೆ ಒಂದು ದೊಡ್ಡ ಬಂಡೆ ಚಾಚಿಕೊಂಡಿದೆ, ಅದಕ್ಕೆ ಮನೆಗಳೆಲ್ಲ ಸರಪಳಿಯಲ್ಲಿ ತೂಗಾಡುತ್ತವೆ. ಕರಣೆ ಪಾಯದ ಕಲ್ಲು ಇಟ್ಟಿತು, ಅದು ಪ್ರಪಾತಕ್ಕೆ ಹೋಯಿತು. ಇನ್ನೊಂದು ಇಟ್ಟಿತು, ಅದೂ ಹೋಯಿತು. ಬಿದ್ದ ಸದ್ದೂ ಕೇಳಿಸಲಿಲ್ಲ.

"ಮೊದಲು ಪಾಯ ಅಂತ ಬರೆದಿದೆ ಅಕ್ಕಾ," ಅಂತು ಕರಣೆ. ಅದಕ್ಕೂ ಅಳು ಬಂದಿತ್ತು.

ಸರಪಳಿ ಕಾಯುವ ಕೊಂಡಯ್ಯ ಮೇಲೆ ತೋರಿಸಿದ. "ನಮಗೆ ನೆಲ ಅನ್ನೋದು ಕತೆಯಲ್ಲಿ ಕೇಳಿ ಗೊತ್ತು ಅಷ್ಟೆ ತಂಗೀ. ನಮ್ಮ ಭಾರ ಹೊರೋದು ಮೇಲಿನ ಬಂಡೆ. ಮೊದಲು ಕೊಂಡಿ, ಆಮೇಲೆ ಸೂರು, ಆಮೇಲೆ ಗೋಡೆ. ದೀಪದ ಗೂಡು ಎಲ್ಲಕ್ಕಿಂತ ಕೆಳಗೆ."

ಸಂಕವ್ವ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ತೂಗಾಡುತ್ತಲೇ ಸಾಲುಗಳನ್ನೆಲ್ಲ ಕೆರೆದು ತಲೆಕೆಳಗು ಮಾಡಿ ಬರೆದಳು. ಗೋಪುರ ಬಾವಲಿಯ ಹಾಗೆ ಜೋತುಬಿತ್ತು, ಗಟ್ಟಿಯಾಗಿ ನಿಂತಿತು. ಕೊಂಡಯ್ಯ ಸರಪಳಿ ಜಗ್ಗಿ ನೋಡಿ, "ಭೇಷ್!" ಅಂದ. ಸಂಕವ್ವನಿಗೆ ಎಂಥಾ ಹಿಗ್ಗು! 'ಅಪ್ಪನಿಗೆ ಆಗದ್ದು ನನ್ನಿಂದ ಆಯಿತು' ಅಂದುಕೊಂಡಳು. ಬಾಲದೋಲೆಯ ನೆನಪು ಅವಳಿಗೂ ಆಗಲಿಲ್ಲ. ಅದು ಆಗಲೂ ನುಣುಪಾಗಿಯೇ ಇತ್ತು.

ಹುಣ್ಣಿಮೆಯ ದಿನ ಮಧ್ಯಾಹ್ನ ಅವಳು ಊರಿಗೆ ಬಂದಳು. ಬಂದು ನೋಡಿದರೆ ಗಾರೆನಾಡಿನ ಗೋಪುರವೇ ಇಲ್ಲ! ಮೂರು ಕಡೆ ಗೋಪುರ ಎದ್ದದ್ದು ಕಂಡು ಕಾವಳಯ್ಯ ತನ್ನ ಮಂಜಿನ ಗೂಳಿಯನ್ನು ಬಿಟ್ಟಿದ್ದ. ಅದು ನಾಲ್ಕನೆಯದನ್ನು ಗುದ್ದಿ ಕೆಡವಿತ್ತು. ಅಂಗಳದಲ್ಲಿ ಅಪ್ಪ ನಿಂತಿದ್ದ. ಕಲ್ಲು ಗಲ್ಲದವರೆಗೆ ಬಂದಿತ್ತು. ಕಣ್ಣು ಮತ್ತು ಬಾಯಿ ಮಾತ್ರ ಉಳಿದಿದ್ದವು.

"ಹೆದರಬೇಡ ಅಪ್ಪಾ. ಹೊತ್ತು ಮುಳುಗೋದರೊಳಗೆ ಎಬ್ಬಿಸ್ತೀನಿ," ಅಂದಳು ಸಂಕವ್ವ. ಓಲೆ ಬಿಚ್ಚಿದಳು. ಕರಣೆ ಓದಿತು, ಹಾರಿತು, ಆಕಾಶದಲ್ಲಿ ಕೊಂಡಿ ಸಿಕ್ಕಿಸಲು ಬಂಡೆ ಹುಡುಕಿತು. ಬಂಡೆ ಎಲ್ಲಿದೆ? ಇಲ್ಲದ ಬಂಡೆಗೆ ಸೂರು ಕಟ್ಟಿತು. ಧಡಾರನೆ ಎಲ್ಲವೂ ಕೆಳಗೆ ಬಿತ್ತು.

ಸಂಕವ್ವನ ಬಾಯಿಂದ ಮಾತು ಹೊರಟೇಹೋಯಿತು: "ಅಯ್ಯೋ, ತೂಗುನಾಡಲ್ಲಿ ಚೆನ್ನಾಗೇ ಇತ್ತಲ್ಲ!"

ಅವಳ ಪಾದ ಕಲ್ಲಾಯಿತು.

ಊರ ಅಂಚಿನಲ್ಲಿ ಕಾವಳಯ್ಯ ಚಪ್ಪಾಳೆ ತಟ್ಟಿ ನಕ್ಕ. ಅಪ್ಪನಿಗೆ ಬಂದಂತೆ ವಾರಕ್ಕೊಂದು ಗೇಣಲ್ಲ, ಈ ಸಲ ಶಾಪಕ್ಕೆ ಅವಸರವಿತ್ತು. ನೋಡನೋಡುತ್ತಿದ್ದಂತೆ ಕಲ್ಲು ಮಗಳ ಮೊಣಕಾಲಿಗೆ ಬಂತು. ಬೊಮ್ಮೋಜ ಅದನ್ನು ನೋಡಿದ. ಗಾರೆಯ ಬಾನಿಯ ಪಕ್ಕ ಕೂತು ಮಣ್ಣಿನ ಗುಬ್ಬಚ್ಚಿ ಮಾಡುತ್ತಿದ್ದ ಮಗಳು. ಅವಳು ತನ್ನ ಕೈಯನ್ನೇ ನೋಡಿ ಕೈಕೆಲಸ ಕಲಿತಿದ್ದಳು, ತನ್ನ ಬಾಯಿಯನ್ನೇ ಕೇಳಿ ಈ ಮಾತೂ ಕಲಿತಿದ್ದಳು.

"ಸಂಕವ್ವಾ," ಅಂದ. ಕಲ್ಲಿನ ಗಂಟಲಿಂದ ದನಿ ಗೊರಗೊರ ಬಂತು. "ತಪ್ಪು ನನ್ನದು ಮಗಳೇ. ನನ್ನ ಮೊಳವೇ ಎಲ್ಲರ ಮೊಳ ಅಂದುಕೊಂಡೆ. ನಿನಗೂ ಅದನ್ನೇ ಕಲಿಸಿದೆ."

ಅವನ ಕೆನ್ನೆಯ ಮೇಲೆ ಒಂದು ಹನಿ ಇಳಿಯಿತು. ಹನಿ ಬಿದ್ದಲ್ಲಿ ಕಲ್ಲು ಬಿರುಕು ಬಿಟ್ಟಿತು, ಹಳೆಯ ಸುಣ್ಣದ ಹಾಗೆ ಚಕ್ಕೆ ಚಕ್ಕೆಯಾಗಿ ಉದುರಿತು. ಬೊಮ್ಮೋಜ ಓಡಿ ಬಂದು ಮಗಳನ್ನು ಅಪ್ಪಿಕೊಂಡ.

"ಇಲ್ಲಪ್ಪಾ, ತಪ್ಪು ನನ್ನದೂ ಇದೆ," ಅಂದಳು ಸಂಕವ್ವ, ಅಳುತ್ತ. "ಒಂದೂರಿಗೆ ಬರೆಯೋಕೆ ಇನ್ನೊಂದೂರಿಂದು ಕೆರೆದು ಹಾಕಿದೆ." ಅವಳ ಕಾಲಿನ ಕಲ್ಲೂ ಉದುರಿತು.

ಹೊತ್ತು ಆಗಲೇ ಕೆಂಪಗಾಗಿತ್ತು. ಮಂಜಿನ ಗೂಳಿ ಬೀದಿಯ ತುದಿಯಲ್ಲಿ ಕಾಲು ಕೆರೆಯುತ್ತಿತ್ತು.

"ಹಳೇ ಸಾಲು ನನಗೆ ಬಾಯಿಪಾಠ ಇದೆ. ಹೇಳ್ತೀನಿ, ಬರಿ," ಅಂದ ಬೊಮ್ಮೋಜ.

"ಬೇಡ ಅಪ್ಪಾ. ಬರೆದರೆ ಇಲ್ಲಿ ಮಾತ್ರ ನಿಲ್ಲುತ್ತೆ, ನಾಳೆ ಇನ್ನೊಂದು ಕಡೆ ಬೀಳುತ್ತೆ." ಸಂಕವ್ವ ಒಂದು ಹೊಸ ಗರಿ ತೆಗೆದು, ಎಲ್ಲಕ್ಕಿಂತ ಮೊದಲು ಪೋಣಿಸಿದಳು. ಅದರಲ್ಲಿ ಹೀಗೆ ಬರೆದಳು:

'ಕಟ್ಟುವ ಮೊದಲು ಅಲ್ಲಿಯವರನ್ನು ಕೇಳು. ಇಲ್ಲಿ ಯಾರ ಮೊಳ? ಗಾರೆ ಗಟ್ಟಿಯಾದದ್ದು ಹೇಗೆ ತಿಳಿಯುತ್ತೆ? ಭಾರ ಹೊರುವುದು ಯಾವುದು? ಮುಂದಿನ ಸಾಲು ಏನೇ ಹೇಳಲಿ, ಅವರು ಹೇಳಿದ ಹಾಗೆ ಮಾಡು.'

ಕರಣೆ ಓದಿ ಕಣ್ಣರಳಿಸಿತು. "ಕೇಳಬಹುದಾ ಅಕ್ಕಾ? ಇಷ್ಟು ವರ್ಷ ನನಗೆ ಕೇಳಬೇಕು ಅನಿಸ್ತಿತ್ತು. ಕೇಳು ಅಂತ ಯಾರೂ ಬರೆದಿರಲಿಲ್ಲ."

"ಕೇಳು ಮರೀ, ಕೇಳು."

ಅದು ಬೀದಿಗೆ ಹಾರಿ ಕೇಳಿತು. ಇಡೀ ಊರೇ ಕೂಗಿ ಹೇಳಿತು. ಬೊಮ್ಮೋಜ ಕೈಚಾಚಿ ಮೊಳ ಕೊಟ್ಟ, ಹೆಂಗಸರು ಗೋಡೆ ಮುಟ್ಟಿ ತೋರಿಸಿದರು, ಮಕ್ಕಳು ನೆಲಕ್ಕೆ ಕಾಲು ಕುಟ್ಟಿದರು. ಗೂಳಿ ಕೊಂಬು ತಗ್ಗಿಸಿ ನುಗ್ಗುವಷ್ಟರಲ್ಲಿ ಗೋಪುರ ಎದ್ದು ನಿಂತಿತ್ತು. ಈ ಸಲ ಅದು ಒಬ್ಬನ ಓಲೆಯ ಗೋಡೆಯಲ್ಲ, ಇಡೀ ಊರಿನ ಮಾತು ಕೇಳಿ ಎದ್ದ ಗೋಡೆ; ಗುದ್ದಿದ ಗೂಳಿ ತಾನೇ ಹಿಂದಕ್ಕೆ ಬಿತ್ತು. ಸಂಕವ್ವ ಮೆಟ್ಟಿಲು ಹತ್ತಿ ದೀಪ ಹಚ್ಚಿದಳು. ದೂರದಲ್ಲಿ ಕಿರುನಾಡಿನ ದೀಪ ಮಿಣುಕಿತು. ತೇಲುನಾಡಿನದು ಮಿಣುಕಿತು. ಬೆಟ್ಟದ ಬಂಡೆಯ ಕೆಳಗೆ, ತಲೆಕೆಳಗಾಗಿ, ತೂಗುನಾಡಿನದೂ ಮಿಣುಕಿತು.

ಕಾವಳಯ್ಯ ಬಾಯಿ ತೆರೆದ. ಮಂಜು ಬರಲಿಲ್ಲ, ಬಿಕ್ಕಳಿಕೆ ಬಂತು. ಬಿಕ್ಕುತ್ತ ಬಿಕ್ಕುತ್ತ ಅವನೂ ಅವನ ಗೂಳಿಯೂ ಕರಗಿ, ಒಂದು ಕೊಡ ನೀರಾಗಿ, ಅವರೆಗಿಡಗಳ ಬುಡಕ್ಕೆ ಹರಿದುಹೋದರು. ಮಂಜಿನಲ್ಲಿ ಕಳೆದುಹೋಗಿದ್ದವರೆಲ್ಲ ಕಣ್ಣುಜ್ಜಿಕೊಂಡು ಬಯಲಿನಿಂದ ನಡೆದು ಬಂದರು. ಆವತ್ತು ಗಾರೆನಾಡಿನಲ್ಲಿ ಯಾರ ಮನೆಯಲ್ಲೂ ಬೇರೆ ಬೇರೆ ಒಲೆ ಉರಿಯಲಿಲ್ಲ, ಎಲ್ಲರಿಗೂ ಒಂದೇ ಪಂಕ್ತಿ.

ಊಟ ಆದಮೇಲೆ ಬೊಮ್ಮೋಜ ಕೈತೊಳೆದು, ಕಡ್ಡಿ ಹಿಡಿದು, ಬಾಲದೋಲೆಯ ನುಣುಪಿನ ಮೇಲೆ ಮೊದಲ ಸಾಲು ಗೀಚಿದ: 'ಕಿರುನಾಡಿನಲ್ಲಿ ಮೆಟ್ಟಿಲು ಎತ್ತರವಾಯಿತು. ತಪ್ಪು ನನ್ನದು. ಸರಿಮಾಡಿದವಳು ನನ್ನ ಮಗಳು.' ಅದರ ಕೆಳಗೆ ಸಂಕವ್ವ ಬರೆದಳು. ಆಮೇಲೆ ಸುಬ್ಬಕ್ಕ ಬಂದಾಗ ಅವಳೂ, ಕೊಂಡಯ್ಯ ಬಂದಾಗ ಅವನೂ ಬರೆದರು. ಗರಿ ಸಾಲದೆ ಇನ್ನೊಂದು ಪೋಣಿಸಬೇಕಾಯಿತು. ಬೊಮ್ಮೋಜ ಅದನ್ನೇ ಅರಮನೆಗೆ ಒಯ್ದು, "ನೋಡಿ ಮಹಾಸ್ವಾಮಿ, ಎಷ್ಟೊಂದು ಗೀರು!" ಅಂತ ಹೆಮ್ಮೆಯಿಂದ ತೋರಿಸಿದ. ರಾಜ ಆಗಲೂ ತಲೆದೂಗಿದ.

ನಾಲ್ಕು ನಾಡಿನವರೂ ನೂರುಕಾಲ ಬೆಳಕಿನಲ್ಲಿ ಬಾಳಿದರು. ಅಲ್ಲಿ ಇವತ್ತಿಗೂ ಮನೆ ಕಟ್ಟಿಸುವವರು ಮೊದಲು ಬಾಲದೋಲೆ ಕೇಳಿ ನೋಡುತ್ತಾರಂತೆ. ಅದು ನುಣುಪಾಗಿದ್ದರೆ, ಅಂಥವನಿಗೆ ಕೋಳಿಗೂಡು ಕಟ್ಟುವ ಕೆಲಸವನ್ನೂ ಕೊಡುವುದಿಲ್ಲ.