ಎರಡು ಸೆಕೆಂಡಿನಾಚೆ

“ಎಂಟು ದಿನ ಆಯ್ತು. ಚಿಂಪಾಂಜಿ ಆಗಿದ್ರೆ ಇಷ್ಟೊತ್ತಿಗೆ ಉತ್ತರ ಕೊಟ್ಟಿರೋದು,” ಎಂದ ಚಿಂಪಾಂಜಿಗಳನ್ನು ನೋಡಿಕೊಳ್ಳುವ ಕೀಪರ್, ಬಾಗಿಲಿಗೆ ಒರಗಿ.

ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ. ಮೃಗಾಲಯದ ಆ ಕೋಣೆಯಲ್ಲಿ ಅವಳ ಕೆಲಸವೇ ಅದು. ಒಂದು ಚಿಂಪಾಂಜಿ ಕೈಸನ್ನೆ ಮಾಡಿದ ಕ್ಷಣ, ಇನ್ನೊಂದು ಅದಕ್ಕೆ ಓಗೊಟ್ಟ ಕ್ಷಣ, ಎರಡನ್ನೂ ವಿಡಿಯೋ ನೋಡಿ ಬರೆದಿಡಬೇಕು. ನಡುವಿನ ಅಂತರ ಎವೆಯಿಕ್ಕುವಷ್ಟು. ಮನುಷ್ಯರ ಮಾತುಕತೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಎರಡು ಸೆಕೆಂಡು ದಾಟಿದರೆ ‘ಉತ್ತರವಿಲ್ಲ’ ಎಂದು ಬರೆದು ಮುಂದಕ್ಕೆ ಹೋಗುವುದು ನಿಯಮ.

ಮದುವೆಯಾಗೋಣವೇ ಎಂದು ಅವನು ಎಂಟು ದಿನದ ಹಿಂದೆ ಅವಳನ್ನು ಕೇಳಿದ್ದ. ಗಂಡ ತೀರಿಕೊಂಡು ನಾಲ್ಕು ವರ್ಷ ಕಳೆದಿದ್ದ ಅವಳು ತುಟಿ ಬಿಚ್ಚಿರಲಿಲ್ಲ. ಈಗ ದೂರದ ಮೃಗಾಲಯವೊಂದು ಅವನನ್ನು ಕೆಲಸಕ್ಕೆ ಕರೆದಿತ್ತು. ಒಪ್ಪಿಗೆ ತಿಳಿಸಲು ಇಂದು ಸಂಜೆಯೇ ಕೊನೆ.

ಪರದೆಯ ಮೇಲೆ ಗುಂಡನೆಂಬ ಗಂಡು ಚಿಂಪಾಂಜಿ ತೋಳನ್ನು ಪರಪರ ಕೆರೆದುಕೊಂಡು ಅಮ್ಮಣ್ಣಿಯೆಂಬ ಹೆಣ್ಣಿನ ಕಡೆ ನೋಡಿತು. ಬಾ, ನನ್ನ ಕೂದಲು ಬಿಡಿಸು ಎಂದು ಅದರರ್ಥ. ಅಮ್ಮಣ್ಣಿ ಅಲುಗಲಿಲ್ಲ. ಅವಳು ‘ಉತ್ತರವಿಲ್ಲ’ ಎಂದು ಬರೆದಳು.

“ವಿಡಿಯೋ ನಿಲ್ಲಿಸ್ಬೇಡಿ, ಓಡ್ಲಿ,” ಎಂದ ಅವನು. “ಮರಿ ಸತ್ತ ಮೇಲೆ ಅಮ್ಮಣ್ಣಿ ಎಲ್ಲದಕ್ಕೂ ನಿಧಾನ.”

ಇಪ್ಪತ್ತು ಸೆಕೆಂಡು, ನಲವತ್ತು. ಗುಂಡ ಎದ್ದು ಹೋಗಲಿಲ್ಲ, ಇನ್ನೊಮ್ಮೆ ಕರೆಯಲೂ ಇಲ್ಲ. ಓರೆಗಣ್ಣಲ್ಲಿ ಒಮ್ಮೆ ನೋಡಿತು, ಅಷ್ಟೇ. ಐವತ್ತನೆಯ ಸೆಕೆಂಡಿಗೆ ಅಮ್ಮಣ್ಣಿ ಮೆಲ್ಲಗೆ ಬಂದು, ಅದರ ಹಿಂದೆ ಕುಳಿತು ಕೂದಲು ಬಿಡಿಸತೊಡಗಿತು.

“ಅಯ್ಯೋ ದೇವರೇ,” ಎಂದಳು. “ಇಂಥವೆಷ್ಟನ್ನ ತಪ್ಪಾಗಿ ಬರೆದಿದ್ದೀನೋ! ಎಲ್ಲಾ ಮತ್ತೆ ನೋಡ್ಬೇಕು.”

“ನೋಡಿ. ನಾನಿರಲ್ಲ.”

ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ಅವಳು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದಳು.

“ನಮ್ಮ ಯಜಮಾನ್ರನ್ನ ಮರೆಯೋಕೆ ನನ್ನಿಂದ ಆಗಲ್ಲ. ದಿನಾ ದೇವರ ಮುಂದೆ ಅವರ ಹೆಸರು ಹೇಳ್ತೀನಿ. ಮುಂದೆನೂ ಹೇಳ್ತೀನಿ.”

“ಹೇಳಿ. ಮರೀರಿ ಅಂತ ನಾನು ಯಾವತ್ತು ಕೇಳ್ದೆ?”

ಎಂಟು ದಿನದಲ್ಲಿ ಮೊದಲ ಸಲ ಅವಳು ಅವನನ್ನು ನೆಟ್ಟಗೆ ನೋಡಿದಳು.

“ಹಾಗಾದ್ರೆ ಆ ಮೃಗಾಲಯದವರಿಗೆ ಫೋನ್ ಮಾಡಿ. ಬರಲ್ಲ ಅನ್ನಿ.”

“ಈಗ್ಲೇನಾ?”

“ಸಂಜೆ ತನಕ ಕಾಯೋಕೆ ನನಗೇನು ಹುಚ್ಚಾ?”

ಅವನು ಫೋನ್ ಹಚ್ಚಿದ. ಆ ಕಡೆ ರಿಂಗಾಗುತ್ತಿರುವಾಗ ಅವಳು ಪಕ್ಕದ ಕುರ್ಚಿಯ ಮೇಲಿದ್ದ ಫೈಲುಗಳನ್ನೆಲ್ಲ ಎತ್ತಿ ನೆಲಕ್ಕಿಟ್ಟು, ಮಾತಿಲ್ಲದೆ ಕುರ್ಚಿಯನ್ನು ತನ್ನ ಹತ್ತಿರಕ್ಕೆ ಎಳೆದು, ಅದರ ಮೇಲೆ ಎರಡು ಸಲ ಕೈ ತಟ್ಟಿದಳು.