ಎಂಜಿನ್ ಹೊತ್ತು ಬಂದವನು

ಅವನು ನಗುತ್ತಾ ಕಂಟ್ರೋಲ್ ರೂಮಿಗೆ ಬಂದಾಗಲೇ ನನಗೆ ಅನುಮಾನ. ಸರ್ಕಾರಿ ರಾಕೆಟ್ ಇಲಾಖೆಯನ್ನೂ ಬಿಟ್ಟು, ನನ್ನನ್ನೂ ಬಿಟ್ಟು, ಖಾಸಗಿ ಕಂಪನಿ ಸೇರಿದವನು. ಈಗ ಅದೇ ಕಂಪನಿಯ ಎಂಜಿನ್ ಹೊತ್ತು, ಅದನ್ನು ಉರಿಸಿ ನೋಡಲು ನಮ್ಮ ಟೆಸ್ಟ್ ಸ್ಟ್ಯಾಂಡನ್ನೇ ಬಾಡಿಗೆಗೆ ಹಿಡಿದು ಬಂದಿದ್ದ.

"ಚೆನ್ನಾಗಿದ್ದೀಯಾ?"

"ಹೇಳಿ ಸರ್, ಏನಾಗ್ಬೇಕಿತ್ತು?"

"ಯಾವಾಗಿಂದ ನಾನು 'ನೀವು' ಆದೆ?"

"ರಾಜೀನಾಮೆ ಕೊಟ್ಟ ದಿನದಿಂದ."

ಅವನು ತುಟಿ ಕಚ್ಚಿ ನಗು ತಡೆದ. ಆ ತುಟಿಯನ್ನು ನಾನು ನೋಡಬಾರದಿತ್ತು. ನೋಡಿದೆ.

ಬೆಳಿಗ್ಗೆಯೇ ಅಕ್ಕ ಎಚ್ಚರಿಸಿದ್ದಳು. "ಕಾಫಿ ಕೊಡಿಸಿದ್ರೆ ಕುಡಿ, ಮಾತಿಗೆ ಮರುಳಾಗ್ಬೇಡ. ನಿಮ್ಮ ವಿಭಾಗದ ಅರ್ಧ ಜನರನ್ನ ಆ ಕಂಪನಿ ಹೀಗೇ ನೈಸಾಗಿ ಎಳ್ಕೊಂಡಿಲ್ವಾ?"

ನಿಜವೇ. ಅವನು ಬಂದದ್ದು ನನಗಾಗಿಯೋ, ನನ್ನ ಅನುಭವಕ್ಕಾಗಿಯೋ? ಮತ್ತೊಮ್ಮೆ ಮೋಸಹೋಗುವ ಶಕ್ತಿ ನನಗಿರಲಿಲ್ಲ.

ಪರೀಕ್ಷೆ ಶುರುವಾಯಿತು. ಇಲಾಖೆಯಲ್ಲಿ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕಣ್ಣಾರೆ ನೋಡಿ ತಿರುಗಿ ಹೇಳಬೇಕು, ಆಮೇಲೇ ಮುಂದಿನ ಕೆಲಸ. ಅವನ ಕಂಪನಿಗೆ ಕಂಪ್ಯೂಟರಿನ ಹಸಿರು ಗುರುತು ಸಾಕು. ಆದರೂ "ವಾಲ್ವ್ ಮುಚ್ಚಿದೆ" ಎಂದವನು ಸುಮ್ಮನೆ ನಿಂತುಬಿಟ್ಟ.

ಅವನ ಜೊತೆ ಬಂದಿದ್ದ ಎಂಜಿನಿಯರಮ್ಮ ನನ್ನತ್ತ ವಾಲಿ ನಕ್ಕಳು. "ಮತ್ತೆ ಶುರುವಾಯ್ತು ನೋಡಿ. ನಮ್ಮ ಆಫೀಸಲ್ಲೂ ಹೀಗೇ. ಹೇಳ್ಬಿಟ್ಟು, ಯಾರೋ ಉತ್ತರ ಕೊಡ್ತಾರೇನೋ ಅಂತ ಕಾಯ್ತಾ ನಿಲ್ತಾರೆ."

ಅವನ ಕಿವಿ ಕೆಂಪಾಯಿತು. ಇಲ್ಲಿದ್ದಾಗ ಅವನಿಗೆ ಉತ್ತರ ಕೊಡುತ್ತಿದ್ದವಳು ನಾನೇ. ಗೇಜ್ ನೋಡಿ, "ಮುಚ್ಚಿದೆ" ಎಂದೆ.

ಎಂಜಿನ್ ಉರಿದು ಆರಿದ ಮೇಲೆ ಕಾರಿಡಾರಿನಲ್ಲಿ ಅವನನ್ನು ತಡೆದೆ.

"ನಿಜ ಹೇಳು. ನನ್ನನ್ನ ನಿಮ್ಮ ಕಂಪನಿಗೆ ಕರ್ಕೊಂಡು ಹೋಗೋಕೆ ತಾನೆ ಬಂದಿದ್ದು?"

"ಹೌದು. ಹಾಗಂತ್ಲೇ ಕಳಿಸಿದ್ರು."

ಅಕ್ಕನ ಮಾತೇ ನಿಜವಾಯಿತಲ್ಲ ಎಂದು ಕಣ್ಣು ತುಂಬಿತು.

"ನನ್ನ ಕೈಲಿ ಆಗಲ್ಲ ಅಂತ ಕಂಪನಿಗೆ ಫೋನ್ ಮಾಡಿ ಹೇಳ್ದೆ," ಎಂದ ಅವನು. "ನಾಳೆಯಿಂದ ಬೇರೆಯವರು ಬರ್ತಾರೆ, ಕೆಲಸಕ್ಕೆ ಬರ್ತೀಯಾ ಅಂತ ಅವರು ಕೇಳ್ತಾರೆ. ನಾನು ಕೆಲಸದ ಮಾತೆತ್ತಿದ್ರೆ, ಆಮೇಲೆ ಕೇಳೋದನ್ನ ನೀನು ನಂಬ್ತಿರ್ಲಿಲ್ಲ."

"ಏನದು?"

"ನನ್ನ ಮದುವೆ ಆಗ್ತೀಯಾ?"

"ಇದನ್ನೂ ಕಂಪನಿಯವರೇ ಹೇಳ್ಕೊಟ್ರಾ?"

"ಇಲ್ಲ. ಇಷ್ಟು ದಿನ ಧೈರ್ಯ ಬಂದಿರ್ಲಿಲ್ಲ."

ಅವನ ಮುಖವನ್ನು ದಿಟ್ಟಿಸಿದೆ. ನಗು ಇರಲಿಲ್ಲ, ಬರೀ ಭಯವಿತ್ತು. ಆ ನಗುವನ್ನು ನಂಬದವಳು ಈ ಭಯವನ್ನು ನಂಬಿದೆ.

"ಆಗ್ತೀನಿ," ಎಂದೆ. "ಕೆಲಸ ಮಾತ್ರ ಇಲ್ಲೇ."