ಕೊಳದಿಂದ ದೂರ ನೆಟ್ಟ ಗಿಡಗಳು

"ನೀವು ಕೊಟ್ಟ ಹನ್ನೆರಡು ಗಿಡದಲ್ಲಿ ಒಂದೂ ಉಳಿದಿಲ್ಲ," ಎಂದು ಗಡಿಯಾರ ರಿಪೇರಿಯವರು ನನ್ನ ನೀರುಗಿಡಗಳ ನರ್ಸರಿಗೆ ಬಂದು ಹೇಳಿದಾಗ ಮೈಯೆಲ್ಲ ಉರಿಯಿತು. ಜೌಗಿನಲ್ಲಿ ತಾನಾಗಿ ಬೆಳೆಯುವ ನೇರಳೆ ಕಾಡುಹೂವು ಅದು. ಬೀಜದಿಂದ ಎರಡು ವರ್ಷ ಸಾಕಿದ್ದೆ. ಬುಡ ಸದಾ ಕೆಸರಲ್ಲಿದ್ದರೆ ಬೇರೇನೂ ಕೇಳುವುದಿಲ್ಲ.

ಅವರ ಹಿತ್ತಲಿಗೆ ಹೋಗಿ ನೋಡಿದರೆ, ಗಿಡಗಳು ಅಲ್ಲಿನ ಕೊಳದಿಂದ ಹತ್ತು ಅಡಿ ದೂರದ ಒಣ ಮಣ್ಣಿನಲ್ಲಿ ಸಾಲಾಗಿ ಸತ್ತು ನಿಂತಿದ್ದವು.

"ಅಂಚಿಗೆ ನೆಡಿ ಅಂದಿದ್ದೆ. ಹತ್ತು ಅಡಿ ಹೋಗೋಕೆ ನಿಮಗೆ ಬಸ್ ಬೇಕಿತ್ತಾ?"

ಅವರ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು, "ಇವನ ಹೆಂಡತಿ ಆ ಅಂಚಲ್ಲೇ ಜಾರಿ ನೀರಿಗೆ ಬಿದ್ದು ತೀರಿಹೋಗಿದ್ದು. ಇವನು ಮನೆಯೊಳಗೇ ಇದ್ದ. ಮೂರು ವರ್ಷ ಆಯ್ತು, ಹತ್ತಿರ ಸುಳಿದಿಲ್ಲ. ಈ ಹೂ ಅವಳು ಆಸೆಪಟ್ಟಿದ್ದು," ಎಂದರು. ನನ್ನ ನಾಲಿಗೆ ಬಿದ್ದುಹೋಗಲಿ ಅನ್ನಿಸಿತು.

ಅಂದಿನಿಂದ ಪ್ರತಿ ಭಾನುವಾರ ನಾನೇ ಹೋಗಿ ಅಂಚಿನಲ್ಲಿ ಹೊಸ ಗಿಡ ನೆಟ್ಟೆ. ಗಡಿಯಾರದವರು ಮೆಟ್ಟಿಲ ಮೇಲೆ ಕೂರುತ್ತಿದ್ದರು. ನಾನು ತಲೆಯೆತ್ತಿದರೆ ಕಣ್ಣು ತಪ್ಪಿಸಿ, ಬಗ್ಗಿದರೆ ಮತ್ತೆ ನೋಡುತ್ತಿದ್ದರು. ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು.

"ನೋಡ್ತಿರೋದು ಗಿಡಾನಾ, ನನ್ನನ್ನಾ?"

"ನಿಮ್ಮ ಕಾಲು."

"ಅಯ್ಯೋ, ಬರೀ ಕೆಸರು."

"ಜಾರುತ್ತೇನೋ ಅಂತ."

ನಗಲು ಹೊರಟವಳು ಕಾಲನ್ನು ಗಟ್ಟಿಯಾಗಿ ಊರಿಕೊಂಡೆ. ಮುಂದಿನ ಭಾನುವಾರಕ್ಕೆ ದಿನ ಎಣಿಸಿದೆ. ಪ್ರೀತಿಯಾಗಿಬಿಟ್ಟಿತ್ತು, ಮುಚ್ಚಿಡುವುದೇನು.

ಮೊದಲ ಮೊಗ್ಗು ಬಂದ ದಿನ ಅವರು, "ನೀವಂದ್ರೆ ಇಷ್ಟ. ಅದಕ್ಕೇ ಇನ್ನು ಬರಬೇಡಿ. ನೀವು ನೀರಿನ ಹತ್ತಿರ ಇದ್ದಷ್ಟು ಹೊತ್ತೂ ಜೀವ ಕೈಯಲ್ಲಿ ಹಿಡ್ಕೊಂಡು ಕೂರ್ತೀನಿ. ಈ ಕೊಳ ಮುಚ್ಚಿಸಿಬಿಡ್ತೀನಿ," ಎಂದರು.

"ಮುಚ್ಚಿಸಿ. ನಾಳೆ ಇನ್ನೊಬ್ಬರ ಕೊಳಕ್ಕೆ ಇಳೀತೀನಿ. ನನ್ನ ಹೊಟ್ಟೆಪಾಡೇ ನೀರಲ್ಲಿ."

"ಜಾರಲ್ಲ ಅಂತ ಮಾತು ಕೊಡ್ತೀರಾ?"

ಕೊಟ್ಟಿದ್ದರೆ ಎಲ್ಲ ಸುಲಭವಾಗುತ್ತಿತ್ತು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಇಲ್ಲ," ಎಂದೆ.

ಅವರು ಮುಖ ತಿರುಗಿಸಿದರು. ನಾನು ಬುಟ್ಟಿ ಎತ್ತಿಕೊಂಡು ಹೊರಟೆ. ಗೇಟಿನ ಹತ್ತಿರ ತಿರುಗಿ ನೋಡಿದರೆ, ಅವರು ಕೊಳದ ಅಂಚಿನ ಕೆಸರಿನಲ್ಲಿ ಮಂಡಿಯೂರಿ ಕೂತಿದ್ದರು. ಓಡಿಹೋಗಿ ಪಕ್ಕದಲ್ಲಿ ಕೂತೆ.

"ಇಲ್ಲೇ ಸಿಕ್ಕಿದ್ದು ಅವಳು," ಎಂದು ನೀರು ತೋರಿಸಿ ಅತ್ತರು. ಅಳುವಷ್ಟು ಹೊತ್ತೂ ನನ್ನ ಮಣಿಕಟ್ಟು ಬಿಡಲಿಲ್ಲ. ನೋಯುತ್ತಿತ್ತು, ಬಿಡಿಸಿಕೊಳ್ಳಲಿಲ್ಲ.

ಕೊನೆಗೆ ಕೇಳಿದರು, "ನಾಳೆ ಯಾರ ಕೊಳ?"

"ಶಾಲೆಯದು."

"ಎಷ್ಟು ಹೊತ್ತಿಗೆ? ನಾನೂ ಬರ್ತೀನಿ."